ಒಬ್ಬಳೇ ಬಂದವಳಿಗೆ ಒಂದು ಕೋಣೆ

ಕರ್ನಾಟಕ ಸರ್ಕಾರದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ರಾಜ್ಯದ ಹೆಂಗಸರು ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಕಾಸು ಕೊಡದೆ ಊರೂರು ತಿರುಗಬಲ್ಲವರಾದರು. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದವಳು ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ನಿಲ್ದಾಣದಲ್ಲಿ ಕಾಲಿಡುವವರೆಗಿನ ಖರ್ಚನ್ನು ಸರ್ಕಾರವೇ ಹೊತ್ತಿದೆ. ಕಾಲಿಟ್ಟ ಮೇಲೆ ರಾತ್ರಿ ಎಲ್ಲಿ ತಂಗಬೇಕೆಂಬ ಪ್ರಶ್ನೆಯನ್ನು ಮಾತ್ರ ಆಕೆಯೇ ಬಿಡಿಸಿಕೊಳ್ಳಬೇಕು. ಕಾರವಾರದ ಜಿಲ್ಲಾ ನ್ಯಾಯಾಲಯದಲ್ಲಿ ಮರುದಿನ ಬೆಳಿಗ್ಗೆ ಸಾಕ್ಷಿ ಹೇಳಬೇಕಾದವಳು, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಲಗಿರುವ ಬಂಧುವನ್ನು ನೋಡಲು ಬಂದವಳು, ವರ್ಗವಾಗಿ ಬಂದು ಇನ್ನೂ ಬಾಡಿಗೆ ಮನೆ ಸಿಗದ ಶಿಕ್ಷಕಿ, ಕೈಗಾದಲ್ಲೋ ನೌಕಾನೆಲೆಯಲ್ಲೋ ಕೆಲಸದ ಸಂದರ್ಶನಕ್ಕೆಂದು ಬಂದ ತರುಣಿ, ಬರೀ ಕಡಲು ನೋಡುವುದಕ್ಕೆಂದೇ ಬಂದ ಪ್ರವಾಸಿ, ಇವರೆಲ್ಲರಿಗೂ ಬೇಕಾದದ್ದು ಒಂದೇ: ಬಾಗಿಲು ಹಾಕಿಕೊಂಡರೆ ನಿಶ್ಚಿಂತೆಯಿಂದ ನಿದ್ದೆ ಬರುವಂಥ ಒಂದು ಕೋಣೆ.

ಈ ವಿಷಯವಾಗಿ ಸಿಗುವ ಬುದ್ಧಿಮಾತುಗಳಲ್ಲಿ ಬಹುಪಾಲು ಪ್ರಯಾಣಿಕಳನ್ನೇ ಉದ್ದೇಶಿಸಿದವು. ಕತ್ತಲಾಗುವ ಮೊದಲು ಸೇರಿಕೊಳ್ಳಬೇಕು, ಮೆಣಸಿನ ಪುಡಿಯ ಸ್ಪ್ರೇ ಇಟ್ಟುಕೊಳ್ಳಬೇಕು, ಗಂಡ ನಾಳೆ ಬರುತ್ತಾನೆಂದು ಸುಳ್ಳು ಹೇಳಬೇಕು ಎಂಬ ಮಾತುಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಎಚ್ಚರದ ಭಾರವನ್ನೆಲ್ಲ ತಂಗುವವಳ ಮೇಲೆ ಹೊರಿಸಿ, ತಂಗಿಸುವವನ ಹೊಣೆಯನ್ನು ಕೇಳದೆ ಬಿಡುವುದು ಅವುಗಳ ದೊಡ್ಡ ಕೊರತೆ. ಕಾರವಾರ ಮತ್ತು ಅಂಕೋಲೆಯಂಥ ಊರುಗಳಲ್ಲಿ ಸುರಕ್ಷಿತವಾದ ತಂಗುದಾಣವೆಂದರೆ ಎತ್ತರದ ಗೋಡೆಯ, ದುಬಾರಿ ಬಾಡಿಗೆಯ ಕಟ್ಟಡವಲ್ಲ. ಒಬ್ಬ ಹೆಣ್ಣುಮಗಳು ಅಲ್ಲಿಗೆ ಬಂದದ್ದು ನಾಲ್ಕು ಜನರಿಗೆ ಕಾಣುವ, ಆಕೆಗೆ ಏನಾದರೂ ಆದರೆ ಉತ್ತರ ಹೇಳಬೇಕಾದವರು ಯಾರೆಂಬುದು ಮೊದಲೇ ಗೊತ್ತಿರುವ ಸ್ಥಳ. ಅದನ್ನು ಗುರುತಿಸುವ ಬಗೆ ಹೇಗೆಂಬುದು ಇಲ್ಲಿಯ ವಿಚಾರ.

ಹಿಂದೆ ಈ ಕರಾವಳಿಯಲ್ಲಿ ಪರಸ್ಥಳದವರು ತಂಗುತ್ತಿದ್ದ ರೀತಿಯನ್ನು ನೋಡಿದರೆ ಇಂದಿನ ತೊಡಕಿನ ಬೇರು ಕಾಣುತ್ತದೆ. ಪಕ್ಕದ ಗೋಕರ್ಣಕ್ಕೆ ಬಂದ ಯಾತ್ರಿಕರು ಪುರೋಹಿತರ ಮನೆಗಳಲ್ಲಿ ಇಳಿದುಕೊಳ್ಳುತ್ತಿದ್ದರು. ಇಂಥ ಊರಿನ ಇಂಥ ಮನೆತನದವರಿಗೆ ಇಂಥವರೇ ಪುರೋಹಿತರೆಂಬ ಸಂಬಂಧ ತಲೆಮಾರುಗಳಿಂದ ನಡೆದುಬಂದದ್ದರಿಂದ ಅತಿಥಿಯ ಹೊಣೆ ಯಾರದೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಧಿಕಾರಿಗಳಿಗೆ ಸರ್ಕಾರಿ ಬಂಗಲೆಗಳಿದ್ದವು. ಉಳಿದವರಿಗೆ ನೆಂಟರಿಷ್ಟರ ಮನೆಯೇ ಗತಿ. 1880ರ ದಶಕದ ಆರಂಭದಲ್ಲಿ ಕಾರವಾರಕ್ಕೆ ಬಂದ ರವೀಂದ್ರನಾಥ ಠಾಕೂರರೂ ತಂಗಿದ್ದು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ. ಅದೇ ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿಯವರು 1877ರಲ್ಲಿ ಗಂಡನ ಜೊತೆಯಿಲ್ಲದೆ, ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿದ್ದವರೆಂಬುದನ್ನು ಕಾರವಾರದ ಕಡಲ ದಂಡೆಗೆ ರವೀಂದ್ರರ ಹೆಸರಿಟ್ಟವರು ಅಷ್ಟಾಗಿ ನೆನೆಯುವುದಿಲ್ಲ.

ಪುರೋಹಿತರ ಮನೆ, ಬಂಗಲೆ, ನೆಂಟರ ಮನೆ ಈ ಮೂರರಲ್ಲಿ ಯಾವುದಕ್ಕೂ ಸೇರದ ಒಂಟಿ ಹೆಂಗಸಿನ ಕಲ್ಪನೆಯೇ ಆ ವ್ಯವಸ್ಥೆಗೆ ಇರಲಿಲ್ಲ. ಬಸ್ಸುಗಳ ಸಂಚಾರ ಹೆಚ್ಚಿದ ಮೇಲೆ ಬೆಳೆದ ಲಾಡ್ಜುಗಳು ಕೂಡ ಮಾರಾಟ ಪ್ರತಿನಿಧಿ, ಗುತ್ತಿಗೆದಾರ, ಲಾರಿ ಚಾಲಕ, ಕಚೇರಿ ಕೆಲಸಕ್ಕೆ ಬಂದ ನೌಕರ ಇವರನ್ನೇ ಗಿರಾಕಿಗಳೆಂದು ಎಣಿಸಿ ಕಟ್ಟಿದವು. ಕೆಳಗೆ ಬಾರು, ಪಕ್ಕದಲ್ಲಿ ಕತ್ತಲೆಯ ಮೆಟ್ಟಿಲು, ಮೇಲೆ ಉದ್ದನೆಯ ಓಣಿಯ ಎರಡೂ ಬದಿಗೆ ಕೋಣೆಗಳು ಎಂಬ ನಕ್ಷೆ ಅಂಥ ಗಿರಾಕಿಗಳನ್ನು ನೆನೆದು ಹುಟ್ಟಿದ್ದು. ಹಾಗೆ ನೋಡಿದರೆ ತಂಗುವವರ ರಕ್ಷಣೆ ಮಾಲೀಕನ ಕರ್ತವ್ಯವೆಂಬ ತತ್ವ ಹೊಸದೇನಲ್ಲ. ಬ್ರಿಟಿಷ್ ಸರ್ಕಾರ 1867ರಲ್ಲಿ ತಂದ ಸರಾಯಿ ಕಾಯ್ದೆ, ಅಂದರೆ ದಾರಿಹೋಕರ ತಂಗುಮನೆಗಳನ್ನು ಕುರಿತ ಕಾನೂನು, ಸರಾಯಿಯನ್ನು ನೋಂದಾಯಿಸಬೇಕು, ಬಾಗಿಲು ಗೋಡೆಗಳನ್ನು ಸುಸ್ಥಿತಿಯಲ್ಲಿಡಬೇಕು, ತಂಗಿದವರ ರಕ್ಷಣೆಗೆ ಅಗತ್ಯವಿರುವಷ್ಟು ಕಾವಲುಗಾರರನ್ನು ನೇಮಿಸಬೇಕು, ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂದು ವಿಧಿಸಿತ್ತು. ಕಾವಲುಗಾರ ಮತ್ತು ದರಪಟ್ಟಿ, ಇವೆರಡನ್ನು ಇಂದಿಗೂ ಮೊದಲ ಪರೀಕ್ಷೆಯಾಗಿ ಇಟ್ಟುಕೊಳ್ಳಬಹುದು: ರಾತ್ರಿ ಕೌಂಟರಿನಲ್ಲಿ ಎಚ್ಚರವಿರುವ ಒಬ್ಬ ಮನುಷ್ಯನಿಲ್ಲದ, ಬಾಡಿಗೆಯನ್ನು ಗಿರಾಕಿಯ ಮುಖ ನೋಡಿ ಹೇಳುವ ಜಾಗದಿಂದ ಹಿಂದಿರುಗುವುದೇ ಲೇಸು.

ತಂಗುದಾಣದ ಆಯ್ಕೆ ನಿಜವಾಗಿ ಶುರುವಾಗುವುದು ಊರಿಗೆ ಬಂದಿಳಿಯುವ ಹೊತ್ತನ್ನು ಗೊತ್ತುಮಾಡುವಲ್ಲಿ. 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗ ಈ ಎರಡೂ ತಾಲೂಕುಗಳ ಮೂಲಕ ಹಾದುಹೋಗುತ್ತದಾದರೂ ನಿಲ್ದಾಣಗಳು ಊರ ನಡುವೆ ಇಲ್ಲ. ಕಾರವಾರದ ನಿಲ್ದಾಣವಿರುವುದು ಪಟ್ಟಣದಿಂದ ದೂರ, ಶಿರವಾಡದಲ್ಲಿ. ಹಗಲು ಇದೊಂದು ಹತ್ತಿಪ್ಪತ್ತು ನಿಮಿಷದ ರಿಕ್ಷಾ ಪ್ರಯಾಣವಷ್ಟೇ. ಮುಂಬಯಿಯ ಕಡೆಯ ರೈಲಿನಿಂದ ನಡುರಾತ್ರಿ ಕಳೆದ ಮೇಲೆ ಇಳಿದವಳಿಗೆ ಅದೇ ದಾರಿ ಇಡೀ ಪ್ರಯಾಣದ ಕಷ್ಟದ ತುಂಡು. ಮಳೆಗಾಲದಲ್ಲಿ ಈ ಮಾರ್ಗಕ್ಕೆ ಬೇರೆಯದೇ ವೇಳಾಪಟ್ಟಿ ಇದ್ದು, ಗುಡ್ಡ ಕುಸಿಯುವ ಭಯದಿಂದ ಗಾಡಿಗಳ ವೇಗವನ್ನು ತಗ್ಗಿಸಲಾಗುತ್ತದೆಯಾದ್ದರಿಂದ ಬೇಸಿಗೆಯ ಸಮಯವನ್ನು ನಂಬಿ ಕೋಣೆ ಕಾದಿರಿಸಿದವಳು ಮೋಸಹೋಗಬಹುದು. ಅಪವೇಳೆಯಲ್ಲಿ ಇಳಿಯಲೇಬೇಕಾಗಿ ಬಂದರೆ ಪಟ್ಟಣಕ್ಕೆ ಧಾವಿಸದೆ ಬೆಳಗಾಗುವ ತನಕ ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ, ನಿಲ್ದಾಣಾಧಿಕಾರಿಯ ಕಣ್ಣಳತೆಯಲ್ಲಿ ಕುಳಿತಿರುವುದು ಜಾಣತನ. ರೈಲಿನಲ್ಲಿರುವಾಗಲೇ 139ಕ್ಕೆ ಕರೆ ಮಾಡಿ ನೆರವು ಕೇಳಲೂ ಬರುತ್ತದೆ.

ಇಳಿಯುವ ಹೊತ್ತು ಮತ್ತು ಜಾಗದ ಮಹತ್ವವನ್ನು ಕಾನೂನು ಬಲ್ಲದೆಂಬುದಕ್ಕೆ 1989ರ ರೈಲ್ವೆ ಕಾಯ್ದೆಯ 139ನೆಯ ಕಲಮು ಒಳ್ಳೆಯ ನಿದರ್ಶನ. ಟಿಕೆಟ್ಟಿಲ್ಲದೆ ಪ್ರಯಾಣಿಸುತ್ತಿರುವ ಒಂಟಿ ಹೆಂಗಸನ್ನು ಗಾಡಿಯಿಂದ ಇಳಿಸುವುದಾದರೂ ಆಕೆ ಹತ್ತಿದ ನಿಲ್ದಾಣದಲ್ಲೋ, ಜಂಕ್ಷನ್ನಿನಲ್ಲೋ, ಗಾಡಿಯ ಕೊನೆಯ ನಿಲ್ದಾಣದಲ್ಲೋ, ಜಿಲ್ಲಾ ಕೇಂದ್ರದ ನಿಲ್ದಾಣದಲ್ಲೋ ಮಾತ್ರ, ಅದೂ ಹಗಲು ಹೊತ್ತಿನಲ್ಲಿ ಇಳಿಸಬೇಕೆಂದು ಅದು ಹೇಳುತ್ತದೆ. ಎಂದರೆ ಹಗಲಿನ ಕಾರವಾರದಲ್ಲಿ ಇಳಿಸಬಹುದು, ನಡುದಾರಿಯ ಅಂಕೋಲೆಯಲ್ಲಿ ಇಳಿಸುವಂತಿಲ್ಲ. ಟಿಕೆಟ್ಟಿಲ್ಲದವಳಿಗೆ ಕಾನೂನು ತೋರಿದ ಈ ವಿವೇಚನೆಯನ್ನು ಟಿಕೆಟ್ಟು ಕೊಂಡವಳು ತನಗೆ ತಾನೇ ತೋರಿಕೊಳ್ಳದಿರಲು ಕಾರಣವಿಲ್ಲ. ಖಾಸಗಿ ರಾತ್ರಿ ಬಸ್ಸುಗಳಲ್ಲಿ ಬರುವವರು ಇನ್ನೊಂದು ಮಾತನ್ನು ವಿಚಾರಿಸಿಕೊಳ್ಳಬೇಕು: ಬಸ್ಸು ಊರೊಳಗಿನ ನಿಲ್ದಾಣಕ್ಕೆ ಬರುತ್ತದೆಯೋ, ಅಥವಾ ನಸುಕಿನಲ್ಲಿ ಹೆದ್ದಾರಿಯ ಬದಿಗೆ ಇಳಿಸಿ ಗೋವೆಯ ಕಡೆ ಹೊರಟುಬಿಡುತ್ತದೆಯೋ ಎಂಬುದನ್ನು.

ಪಟ್ಟಣದೊಳಗೆ ಯಾವ ಭಾಗವನ್ನು ಆರಿಸಬೇಕೆಂಬುದಕ್ಕೆ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ನಗರಗಳನ್ನು ಕುರಿತ ಗ್ರಂಥದಲ್ಲಿ ಒಂದು ಸೂತ್ರವಿದೆ: ಬೀದಿಯನ್ನು ಕಾಯುವವರು ಪೊಲೀಸರಿಗಿಂತ ಮಿಗಿಲಾಗಿ ಅಲ್ಲಿಯ ಅಂಗಡಿಯವರು, ಮನೆಯವರು, ಓಡಾಡುವವರು. ಕಾರವಾರ ಮತ್ತು ಅಂಕೋಲೆಗಳ ಮಟ್ಟಿಗೆ ಈ ಸೂತ್ರಕ್ಕೆ ಒಂದು ತಿದ್ದುಪಡಿ ಬೇಕು. ಬೀದಿಯಲ್ಲಿ ಕಣ್ಣುಗಳಿದ್ದರೆ ಸಾಲದು, ಅವುಗಳಲ್ಲಿ ಹೆಂಗಸರ ಕಣ್ಣುಗಳೂ ಇರಬೇಕು. ಈ ವಿಷಯದಲ್ಲಿ ಎರಡೂ ಊರುಗಳು ಭಾಗ್ಯಶಾಲಿಗಳು. ಕಾರವಾರದ ಮೀನುಪೇಟೆ ನಡೆಯುವುದೇ ಹೆಂಗಸರಿಂದ. ಅಂಕೋಲೆಯ ಪೇಟೆಯಲ್ಲಿ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಒಕ್ಕಲಿನ ಹೆಂಗಸರು ಬುಟ್ಟಿಗಳಲ್ಲಿ ತರಕಾರಿ ಹೊತ್ತು ತಂದು, ಬೇಸಿಗೆಯಲ್ಲಿ ಇಶಾಡು ಮಾವಿನಹಣ್ಣನ್ನು ಸಾಲಾಗಿಟ್ಟು ಮಾರುತ್ತಾರೆ. ಹೆಂಗಸರು ದುಡಿಯಲೆಂದು ಬೀದಿಗೆ ಬರುವ ಊರಿನಲ್ಲಿ ಪರಸ್ಥಳದ ಹೆಂಗಸು ಒಬ್ಬಳೇ ನಿಂತಿರುವುದು ಅಷ್ಟೊಂದು ಅಚ್ಚರಿಯ ವಿಷಯವಾಗುವುದಿಲ್ಲ. ಇಂಥ ಲಾಡ್ಜು ಹೇಗೆ ಎಂದು ಪೇಟೆಯ ಇಬ್ಬರು ಹೆಂಗಸರನ್ನು ಕೇಳಿದರೆ ಸಿಗುವ ಉತ್ತರ ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳಿಗಿಂತ ನಂಬಲರ್ಹ. ಆದ್ದರಿಂದ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಖಾನಾವಳಿ ಮತ್ತು ಔಷಧಿ ಅಂಗಡಿಗಳ ಸಾಲಿನಲ್ಲಿ, ಸಂಸಾರವಂದಿಗರು ತಂಗುವ ಲಾಡ್ಜು ಒಂದು ರಾತ್ರಿಯ ಕೆಲಸಕ್ಕೆ ಬಂದವಳಿಗೆ ಕಡಲಂಚಿನ ಏಕಾಂತ ಕುಟೀರಕ್ಕಿಂತ ಉತ್ತಮ. ಕಡಲು ಬೆಳಿಗ್ಗೆಯೂ ಅಲ್ಲೇ ಇರುತ್ತದೆ.

ಲಾಡ್ಜಿನ ಗುಣವನ್ನು ಅಳೆಯಲು ಅತ್ಯುತ್ತಮ ಸ್ಥಳ ಅದರ ಕೌಂಟರು. ಅಲ್ಲಿ ರಟ್ಟಿನ ಹೊದಿಕೆಯ ಉದ್ದನೆಯ ರಿಜಿಸ್ಟರು ತೆರೆದೇ ಬಿದ್ದಿರುತ್ತದೆ. ಹೆಸರು, ವಿಳಾಸ, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಕಾರಣ, ಜೊತೆಯಲ್ಲಿರುವವರ ಸಂಖ್ಯೆ, ಮೊಬೈಲ್ ಸಂಖ್ಯೆ, ಸಹಿ ಎಂದು ಕೆಂಪು ಗೆರೆಯ ಕಾಲಮುಗಳು. ಜೊತೆಯಲ್ಲಿರುವವರ ಕಾಲಮಿನಲ್ಲಿ ಸೊನ್ನೆ ಬರೆದು, ಮುಂದಿನ ಕಾಲಮಿನಲ್ಲಿ ಮೊಬೈಲ್ ಸಂಖ್ಯೆ ಬರೆದು ಹೆಂಗಸೊಬ್ಬಳು ಪೆನ್ನು ಕೆಳಗಿಟ್ಟ ಮೇಲೆ ಆ ಪುಟ ಹಾಗೆಯೇ ತೆರೆದಿರುತ್ತದೆ. ಹಿಂದೆ ನಿಂತ ಗಿರಾಕಿ ತನ್ನ ಸಾಲನ್ನು ತುಂಬುವಾಗ ಮೇಲಿನ ಸಾಲನ್ನು ಓದದೆ ಇರಲಾರ. ಹುಡುಗನೊಬ್ಬ ಬೀಗದ ಕೈಯನ್ನು ಮೇಲೆತ್ತಿ ಕೋಣೆಯ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಿದನೆಂದರೆ ಬೇಕಾದ ಮಾಹಿತಿಯೆಲ್ಲ ಬೇಡದವರಿಗೆ ಸಿಕ್ಕಂತಾಯಿತು. ಕೆಡುಕಿನ ಉದ್ದೇಶ ಯಾರಿಗೂ ಇಲ್ಲದಿದ್ದಾಗಲೂ ಹೀಗಾಗುತ್ತದೆ, ಮತ್ತು ಇದನ್ನು ತಪ್ಪಿಸಲು ಬೇಕಾದ ಖರ್ಚು ಮೇಲಿನ ಸಾಲುಗಳನ್ನು ಮುಚ್ಚುವ ಒಂದು ರಟ್ಟಿನ ತುಂಡು ಮಾತ್ರ. ಸಂಖ್ಯೆಯನ್ನು ಬರೆದು ತೋರಿಸಿರೆಂದು ಕೇಳುವುದಕ್ಕೂ, ಗಟ್ಟಿಯಾಗಿ ಕೂಗಿದ್ದರೆ ಬೇರೆ ಕೋಣೆ ಕೊಡಿರೆಂದು ಒತ್ತಾಯಿಸುವುದಕ್ಕೂ ಗಿರಾಕಿ ಸಂಕೋಚಪಡಬೇಕಾಗಿಲ್ಲ. ಆಧಾರ್ ಚೀಟಿಯ ಪ್ರತಿ ಕೊಡುವಾಗ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡು ಕೊಡಬಹುದು.

ಗುರುತಿನ ಚೀಟಿಯನ್ನು ಕೇಳುವುದೇ ಕಿರುಕುಳವೆಂದು ಭಾವಿಸುವವರಿದ್ದಾರೆ. ವಾಸ್ತವ ಇದಕ್ಕೆ ತಿರುವುಮುರುವಾಗಿದೆ. ಏನನ್ನೂ ಕೇಳದೆ ಬೀಗದ ಕೈ ಕೊಡುವ ಮನೆಯಲ್ಲಿ ತಂಗಿದವಳ ದಾಖಲೆಯಿರುವುದಿಲ್ಲ, ಪಕ್ಕದ ಕೋಣೆಯವನ ದಾಖಲೆಯೂ ಇರುವುದಿಲ್ಲ. ವಿದೇಶಿ ಅತಿಥಿಯ ವಿವರವನ್ನಂತೂ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸುವುದು ಮಾಲೀಕನ ಕಡ್ಡಾಯ ಹೊಣೆ. ಪಾಸ್‌ಪೋರ್ಟ್ ಕೇಳದ ಕಡಲಂಚಿನ ಗುಡಿಸಲು ಉದಾರವಾದದ್ದಲ್ಲ, ಲೆಕ್ಕಕ್ಕೆ ಸಿಗದಿರುವಂಥದು.

ಇದಕ್ಕಿಂತ ಮೊದಲಿನ ಅಡ್ಡಿಯೊಂದಿದೆ. ಒಂಟಿ ಹೆಂಗಸರಿಗೆ ಕೋಣೆ ಕೊಡುವುದಿಲ್ಲ, ಜೊತೆಗೆ ಯಾರಾದರೂ ಇರಬೇಕು ಎಂಬ ಮಾತನ್ನು ನಾಡಿನ ಎಷ್ಟೋ ಊರುಗಳ ಲಾಡ್ಜುಗಳಲ್ಲಿ ಇಂದಿಗೂ ಕೇಳಬಹುದು. ಪೊಲೀಸರ ಕಾಟ, ಊರವರ ಮಾತು ಎಂಬ ಕಾರಣಗಳನ್ನು ಮಾಲೀಕರು ಕೊಡುತ್ತಾರೆ. ಹೆಂಗಸೊಬ್ಬಳು ಒಬ್ಬಳೇ ತಂಗಬಾರದೆಂದು ಯಾವ ಕಾನೂನೂ ಹೇಳಿಲ್ಲ. ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡ ಧರ್ಮ, ಜಾತಿ, ಲಿಂಗ ಮುಂತಾದ ಕಾರಣಗಳಿಂದಷ್ಟೇ ಯಾವ ಪ್ರಜೆಗೂ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಪ್ರವೇಶಕ್ಕೆ ಅಡ್ಡಿಯಾಗಬಾರದೆಂದು ವಿಧಿಸುತ್ತದೆ. ಹೋಟೆಲು ಎಂಬುದು ಅಲ್ಲಿ ಹೆಸರಿಟ್ಟೇ ಬಂದಿದೆ. ಕತ್ತಲಲ್ಲಿ ಬ್ಯಾಗು ಹಿಡಿದು ನಿಂತವಳು ಸಂವಿಧಾನದ ಪಾಠ ಹೇಳುತ್ತ ಕೂಡಲಾರಳು ಎಂಬುದೂ ನಿಜ. ಹಾಗಾಗಿ ಹೊರಡುವ ಮೊದಲೇ ದೂರವಾಣಿಯಲ್ಲಿ ತಾನೊಬ್ಬಳೇ ಬರುವುದಾಗಿ ಹೇಳಿ, ಒಪ್ಪಿಗೆಯನ್ನು ಸಂದೇಶದ ರೂಪದಲ್ಲಿ ಬರೆಸಿಕೊಳ್ಳುವುದು ಒಳಿತು. ಆ ಕರೆಗೆ ಬರುವ ಉತ್ತರದ ಧಾಟಿಯೇ ಅರ್ಧ ವಿಷಯವನ್ನು ತಿಳಿಸಿಬಿಡುತ್ತದೆ: ಎಷ್ಟು ಹೊತ್ತಿಗೆ ಬರುತ್ತೀರೆಂದು ಕೇಳುವವನು ಬೇರೆ, ಯಾಕೆ ಒಬ್ಬರೇ ಎಂದು ಕೇಳುವವನು ಬೇರೆ.

ಕೋಣೆಯೊಳಗಿನ ಪರಿಶೀಲನೆಗೆ ಹೆಚ್ಚು ಸಮಯ ಬೇಕಾಗಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕವಿರಬೇಕು; ಬರೀ ಇಂಟರ್‌ಲಾಕ್ ಇದ್ದರೆ ಅದರ ಇನ್ನೊಂದು ಕೀಲಿ ಕೌಂಟರಿನಲ್ಲಿರುತ್ತದೆ. ಕರಾವಳಿಯ ತೇವಕ್ಕೆ ಮರ ಉಬ್ಬಿ ಚಿಲಕ ಕೂಡದಿರುವುದು, ಉಪ್ಪುಗಾಳಿಗೆ ಕಿಟಕಿಯ ಕೊಂಡಿ ತುಕ್ಕು ಹಿಡಿದು ಮುರಿದಿರುವುದು ಇಲ್ಲಿ ಸರ್ವೇಸಾಮಾನ್ಯವಾದ್ದರಿಂದ ಹಣ ಕೊಡುವ ಮೊದಲೇ ಹಾಕಿ ತೆಗೆದು ನೋಡಬೇಕು. ಬಚ್ಚಲಿನ ವೆಂಟಿಲೇಟರು ಓಣಿಯ ಕಡೆಗೆ ತೆರೆದಿದ್ದರೆ, ಫ್ಯಾನು ಕಿತ್ತುಹೋದ ದುಂಡು ಕಿಂಡಿ ಹಾಗೆಯೇ ಉಳಿದಿದ್ದರೆ ಬೇರೆ ಕೋಣೆ ಕೇಳಬೇಕು. ಹೆಂಗಸೊಬ್ಬಳ ಖಾಸಗಿ ಸ್ಥಿತಿಯನ್ನು ಕದ್ದು ನೋಡುವುದೂ ಚಿತ್ರೀಕರಿಸುವುದೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಅಪರಾಧ. ಮೊದಲ ಬಾರಿಗೆ ಒಂದರಿಂದ ಮೂರು ವರ್ಷ, ಮರುಕಳಿಸಿದರೆ ಮೂರರಿಂದ ಏಳು ವರ್ಷ ಸೆರೆವಾಸ.

ಹೋಂಸ್ಟೇ ಎಂದು ಕರೆಯುವ ಮನೆವಸತಿಯ ಲಕ್ಷಣವನ್ನು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆ ಸ್ಪಷ್ಟವಾಗಿ ಹೇಳಿದೆ: ಬಾಡಿಗೆಗೆ ಕೊಡುವ ಕೋಣೆಗಳು ಆರಕ್ಕಿಂತ ಹೆಚ್ಚಿರಬಾರದು, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು. ಈ ಎರಡನೆಯ ಷರತ್ತೇ ಅದರ ಜೀವ. ಅಡುಗೆಮನೆಯಲ್ಲಿ ಮನೆಯೊಡತಿ ಇದ್ದು, ಜಗಲಿಯಲ್ಲಿ ಅಜ್ಜಿ ಕುಳಿತಿದ್ದರೆ ಅದು ಹೋಂಸ್ಟೇ. ಬೆಂಗಳೂರಿನಲ್ಲಿರುವ ಮಾಲೀಕ ಕೆಲಸದಾಳೊಬ್ಬನ ಕೈಗೆ ಕೀಲಿ ಕೊಟ್ಟು ನಡೆಸುವ ತೋಟದ ಮನೆ ಹೆಸರಿಗೆ ಮಾತ್ರ ಹೋಂಸ್ಟೇ. ಬೇಲೆಕೇರಿಯ ಅಥವಾ ಮಾಜಾಳಿಯ ಕಡೆ ಇಂಥ ಮನೆ ಹುಡುಕುವವಳು ಮನೆಯ ಹೆಂಗಸಿನೊಡನೆಯೇ ಫೋನಿನಲ್ಲಿ ಮಾತಾಡಬೇಕೆಂದು ಕೇಳಿದರೆ ಸಂಶಯ ತಾನಾಗಿ ಪರಿಹಾರವಾಗುತ್ತದೆ. ಹೊರಬರುವ ದಾರಿಯನ್ನೂ ಎಣಿಸಿಕೊಳ್ಳಬೇಕು. ಕಾಳಿ ನದಿಯಾಚೆಯ ದೇವಬಾಗದಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ವಿಹಾರಧಾಮಕ್ಕೆ ದೋಣಿಯಲ್ಲಿ ಹೋಗಬೇಕು. ಸಂಸ್ಥೆ ಹೊಣೆಯುಳ್ಳದ್ದಾದ್ದರಿಂದ ಅಲ್ಲಿ ಚಿಂತೆಯಿಲ್ಲ. ಹೆಸರು ಕೇಳಿರದ ಮಾಲೀಕನ ಜಾಗಕ್ಕೆ ಹೊರಡುವಾಗ ಮಾತ್ರ ಕತ್ತಲಾದ ಮೇಲೆ ಇಲ್ಲಿಂದ ಹೊರಡುವ ವಾಹನ ಯಾವುದೆಂದು ಕೇಳಿ, ಉತ್ತರ ಸಿಗದಿದ್ದರೆ ಬಿಟ್ಟುಬಿಡಬೇಕು.

ತಂಗುದಾಣ ಒಳ್ಳೆಯದಾಗಿದ್ದರೂ ಅದರ ರಕ್ಷಣೆ ಹೊಸ್ತಿಲವರೆಗೆ ಮಾತ್ರ ಎಂಬುದನ್ನು 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಾಣಾಪುರದಲ್ಲಿ ನಡೆದ ಪ್ರಕರಣ ತೋರಿಸಿತು. ಹೋಂಸ್ಟೇಯ ಒಡತಿಯೂ ವಿದೇಶಿ ಪ್ರವಾಸಿಯೂ ಗೆಳೆಯರ ಜೊತೆ ನಕ್ಷತ್ರ ನೋಡಲು ಕಾಲುವೆಯ ಬದಿಗೆ ಹೋಗಿದ್ದಾಗ ಅವರಿಬ್ಬರ ಮೇಲೆ ಅತ್ಯಾಚಾರ ನಡೆಯಿತು, ಜೊತೆಯಲ್ಲಿದ್ದವರನ್ನು ಕಾಲುವೆಗೆ ತಳ್ಳಲಾಯಿತು, ಅವರಲ್ಲೊಬ್ಬರು ಜೀವ ಕಳೆದುಕೊಂಡರು. ಗಂಡಸರ ಜೊತೆಯಿದ್ದರೆ ಸಾಕೆಂಬ ನಂಬಿಕೆಗೂ ಅದು ಉತ್ತರ. ಇಂಥ ಘಟನೆಯ ಬಳಿಕ ಹೆಂಗಸರು ಹೊರಗೆ ಬರಲೇಬಾರದೆನ್ನುವ ದನಿ ಏಳುವುದು ವಾಡಿಕೆ. ಮುಂಬಯಿಯನ್ನು ಕುರಿತು ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಅವರು ಬರೆದು 2011ರಲ್ಲಿ ಹೊರತಂದ ‘ವೈ ಲಾಯ್ಟರ್’ ಗ್ರಂಥ ಈ ವಾದವನ್ನು ತಲೆಕೆಳಗು ಮಾಡುತ್ತದೆ: ಹೆಂಗಸರು ಕಾರಣವಿಲ್ಲದೆಯೂ ಬೀದಿಯಲ್ಲಿ ಇರುವ ಹಕ್ಕನ್ನು ಪಡೆದಾಗ ಮಾತ್ರ ಬೀದಿ ಅವರದಾಗುತ್ತದೆ ಎಂಬುದು ಅದರ ನಿಲುವು. ಕಾರವಾರದ ಕಡಲ ದಂಡೆಯಲ್ಲಿ ಸಂಜೆ ಅಡ್ಡಾಡುವ ಹೆಂಗಸರ ಸಂಖ್ಯೆ ಕಡಿಮೆಯಾದರೆ ಉಳಿದ ಒಬ್ಬಳಿಗೆ ಅಪಾಯ ಹೆಚ್ಚುತ್ತದೆ ಎಂಬಷ್ಟರ ಮಟ್ಟಿಗಾದರೂ ಆ ನಿಲುವು ಒಪ್ಪತಕ್ಕದ್ದು.

ಈ ಜಿಲ್ಲೆಯಲ್ಲಿ ಅಪಾಯ ಮನುಷ್ಯರಿಂದಲೇ ಬರಬೇಕೆಂದಿಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜರಿದು ರಸ್ತೆ ಬದಿಯ ಚಹಾದಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ ನುಂಗಿತು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಮುಂದಿನ ತಿಂಗಳು, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಬರುವವಳು ಹಿಂಬದಿಗೆ ಕಡಿದ ಗುಡ್ಡವಿರುವ ಹೆದ್ದಾರಿ ವಸತಿಯನ್ನು, ಅದರ ಮಾಲೀಕ ಎಷ್ಟೇ ಸಜ್ಜನನಾಗಿದ್ದರೂ, ಬಿಡಬೇಕು.

ತೊಂದರೆ ಎದುರಾದರೆ 112 ತುರ್ತು ಸಂಖ್ಯೆ, 181 ಮಹಿಳಾ ಸಹಾಯವಾಣಿ. ದೂರು ಕೊಡಲು ಘಟನೆ ನಡೆದ ಠಾಣೆಗೇ ಹೋಗಬೇಕೆಂದಿಲ್ಲ. ಯಾವ ಠಾಣೆಯಲ್ಲಾದರೂ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸುವ ಜೀರೋ ಎಫ್‌ಐಆರ್ ಪದ್ಧತಿಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿ ಕಾನೂನಿನ ಬೆಂಬಲವಿದೆ. ಸಖಿ ಕೇಂದ್ರಗಳೆಂಬ ಸರ್ಕಾರಿ ವ್ಯವಸ್ಥೆ ಸಂಕಟದಲ್ಲಿರುವ ಹೆಂಗಸರಿಗೆ ತಾತ್ಕಾಲಿಕ ಆಶ್ರಯ ಕೊಡುತ್ತದೆ. ಆದರೆ ಅದು ಏಟು ಬಿದ್ದ ಮೇಲಿನ ಆಶ್ರಯ, ದಾರಿಹೋಕಳ ತಂಗುದಾಣವಲ್ಲ. ಏನೂ ಆಗದೆ, ಏನೂ ಆಗಬಾರದೆಂದು ಬಯಸಿ, ಒಂದು ರಾತ್ರಿಗೆ ಹಾಸಿಗೆ ಕೇಳುವವಳಿಗೆ ಸಾರ್ವಜನಿಕ ವ್ಯವಸ್ಥೆ ಬೇಕು. ಕಾರವಾರ ಮತ್ತು ಅಂಕೋಲೆಯ ಬಸ್ ನಿಲ್ದಾಣಗಳ ಆವರಣದಲ್ಲಿ, ಹೆಂಗಸರೇ ನಡೆಸುವ, ಹತ್ತು ಹಾಸಿಗೆಗಳ, ಗೊತ್ತಾದ ದರದ ಒಂದೊಂದು ರಾತ್ರಿ ವಸತಿಯನ್ನು ಸಾರಿಗೆ ನಿಗಮ ಮತ್ತು ಸ್ಥಳೀಯ ಆಡಳಿತ ಸಂಸ್ಥೆಗಳು ಸೇರಿ ತೆರೆಯುವುದು ದೊಡ್ಡ ಮಾತಲ್ಲ. ಅದನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಿಕೊಡಬಹುದು. ಅದು ಆಗುವವರೆಗೆ ಎರಡೂ ಊರಿನ ಲಾಡ್ಜು ಮಾಲೀಕರು ರಿಜಿಸ್ಟರಿನ ಮೇಲೊಂದು ರಟ್ಟು, ಬಾಗಿಲಿಗೊಂದು ಗಟ್ಟಿ ಚಿಲಕ, ಕೌಂಟರಿನಲ್ಲಿ ರಾತ್ರಿ ಎಚ್ಚರವಿರುವ ಒಬ್ಬ ಮನುಷ್ಯ, ಇಷ್ಟನ್ನು ಈ ವಾರವೇ ಒದಗಿಸಬೇಕು.